ಮೂರು ಗಂಟೆಯ ವೋಲ್ಟೇಜು

"ಅಮ್ಮ, ನೀ ಇದನ್ನ ಯಾವ ಮೋಡ್‌ನ್ಯಾಗ ಗೆದ್ದಿದ್ದಿ? ಈಜಿನೋ, ಹಾರ್ಡೋ?"

ಪ್ರಶ್ನೆ ಕೇಳಿದ್ದು ತಾಯಿಯನ್ನು, ಸ್ಕ್ರೂಡ್ರೈವರ್ ಜಾರಿದ್ದು ರುದ್ರೇಶನ ಕೈಯಿಂದ. ಎತ್ತಿಕೊಳ್ಳುವ ನೆಪದಲ್ಲಿ ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮೇಜಿನ ಕೆಳಗೇ ಇದ್ದ.

"ನಮ್ಮ ಕಾಲಕ್ಕ ಮೋಡೂ ಇರಲಿಲ್ಲ, ಗೀಡೂ ಇರಲಿಲ್ಲ," ಎಂದಳು ಪ್ರತಿಮಾ. "ಆಟ ಅಂದ್ರ ಒಂದ ಆಟ. ಎಲ್ಲಾರಿಗೂ ಅದ."

ತಮ್ಮನ ಮದುವೆಗೆಂದು ಸಿರುಗುಪ್ಪದಿಂದ ಆದೋನಿಗೆ ಬಂದವಳು, ನೀ ಗೆದ್ದ ವಿಡಿಯೋ ಗೇಮ್ ತೋರಿಸೆಂಬ ಮಗಳು ಭವಾನಿಯ ಕಾಟ ತಾಳದೆ ರುದ್ರೇಶನ ಮೊಬೈಲ್ ರಿಪೇರಿ ಅಂಗಡಿಯನ್ನು ಹುಡುಕಿಕೊಂಡು ಬಂದಿದ್ದಳು. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಅವನ ಸೋದರಮಾವನ ವಿಡಿಯೋ ಗೇಮ್ ಅಂಗಡಿ ಇತ್ತು, ನೋಡಿಕೊಳ್ಳುತ್ತಿದ್ದವನು ಅವನೇ. ಮಾವ ಹೋದ ಮೇಲೆ ಮಷೀನುಗಳೆಲ್ಲ ಗುಜರಿಗೆ ಹೋದವು, ಒಂದು ಮಾತ್ರ ಮೂಲೆ ಹಿಡಿದು ನಿಂತಿತು. ಇದ್ಯಾಕೆ ಇನ್ನೂ ಎಂದು ತಾಯಿ ಅಂಬಮ್ಮ ಕೇಳಿದಾಗಲೆಲ್ಲ ಬಿಡಿಭಾಗಕ್ಕೆ ಬೇಕಾಗುತ್ತದೆ ಎನ್ನುತ್ತಿದ್ದ. ಮದುವೆ ಯಾವಾಗ ಎಂದು ಕೇಳುವುದನ್ನು ಆಕೆ ಬಿಟ್ಟು ಐದು ವರ್ಷವಾಗಿತ್ತು. ಮಷೀನಿನದನ್ನು ಮಾತ್ರ ಇನ್ನೂ ಕೇಳುತ್ತಿದ್ದಳು.

ಹಸಿರಂಗಿಯ ಕುಳ್ಳನೊಬ್ಬ ಗುಂಡಿ ಜಿಗಿದು, ಮುಳ್ಳು ದಾಟಿ ಏಳು ಕೋಟೆ ಗೆಲ್ಲುವ ಆಟ ಅದು. ಅದರ ಇಂಗ್ಲಿಷ್ ಹೆಸರನ್ನು ಊರಿನ ಹುಡುಗರು ಯಾರೂ ಓದಿದವರಲ್ಲ. ಕೋಟೆಗಳಿಗೆ ತಾವೇ ರೈಲು ಸ್ಟೇಷನ್ನುಗಳ ಹೆಸರಿಟ್ಟಿದ್ದರು. ಮೊದಲನೆಯದು ಕೋಸಗಿ, ಕೊನೆಯದು ಆದೋನಿ. ಮುಕ್ಕಾಲು ಮಂದಿ ಟಿಕೆಟಿಲ್ಲದೆ ಸಿಕ್ಕಿಬಿದ್ದವರಂತೆ ಕೋಸಗಿಯಲ್ಲೇ ಇಳಿಯುತ್ತಿದ್ದರು. ಒಂದೇ ನಾಣ್ಯದಲ್ಲಿ ಆದೋನಿ ಮುಟ್ಟಿದವಳು ಒಬ್ಬಳೇ, ಹತ್ತಿ ವ್ಯಾಪಾರಿ ಸೋಮಶೇಖರಪ್ಪನವರ ಮಗಳು, ಆಗ ಡಿಗ್ರಿ ಮೊದಲ ವರ್ಷದಲ್ಲಿದ್ದ ಪ್ರತಿಮಾ.

ಮಷೀನಿನ ಬೆನ್ನು ಬಿಚ್ಚಿದರೆ ಬೋರ್ಡಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಸ್ವಿಚ್ಚುಗಳ ಸಾಲು. ಆಟ ಎಷ್ಟು ಕಷ್ಟವಿರಬೇಕು, ಕುಳ್ಳನಿಗೆ ಎಷ್ಟು ಜೀವ ಇರಬೇಕು ಎಂದು ಹೇಳುವವು ಅವೇ. ಗಿರಾಕಿ ಬೇಗ ಸತ್ತರೆ ಅಂಗಡಿ ಬದುಕುತ್ತದೆ ಎಂಬುದು ಮಾವನ ಸಿದ್ಧಾಂತ, ಹಾಗಾಗಿ ಎಲ್ಲವೂ ಹಾರ್ಡು. ಆದರೆ ಗುರುವಾರ ಮೂರು ಗಂಟೆಗೆ, ಪ್ರತಿಮಾಳ ಸೈಕಲ್ಲು ಬಾಗಿಲಿಗೆ ಬಂತೆಂದರೆ ರುದ್ರೇಶ ಮೇನ್ ಸ್ವಿಚ್ ಆರಿಸುತ್ತಿದ್ದ. ಊರಿನ ಲೈನ್‌ಮ್ಯಾನನನ್ನು ಅಣಕಿಸಿ, ಕರೆಂಟು ಹೋಯಿತೆಂದು ಅವನದೇ ಗೊಗ್ಗರು ದನಿಯ ತೆಲುಗಿನಲ್ಲಿ "ಕರೆಂಟ್ ಪೋಯಿಂದಪ್ಪೋ" ಎಂದು ಕೂಗಿ, ಹುಡುಗರು ನಗುವಷ್ಟರಲ್ಲಿ, ಕತ್ತಲಲ್ಲೇ ಉಗುರಿನಿಂದ ಎರಡು ಸ್ವಿಚ್ಚು ಈಜಿಗೆ ತಿರುವಿಬಿಡುತ್ತಿದ್ದ. ಆಕಿ ಹೋದ ಮೇಲೆ ಇನ್ನೊಂದು ಸಲ ಕರೆಂಟು ಹೋಗುತ್ತಿತ್ತು, ಸ್ವಿಚ್ಚು ಮತ್ತೆ ಹಾರ್ಡಿಗೆ. ಆಟ ಸುಲಭವಾದಷ್ಟೂ ಉದ್ದವಾಗುತ್ತದೆ, ಉದ್ದವಾದಷ್ಟು ಹೊತ್ತು ಆಕಿ ಅಲ್ಲೇ ನಿಂತಿರುತ್ತಾಳೆ. ಅವನಿಗೆ ಬೇಕಾಗಿದ್ದು ಅಷ್ಟೇ.

ಕುಳ್ಳ ಯಾಕೋ ಇವತ್ತು ನಿಧಾನ ಎಂದು ಯಾರಾದರೂ ಗೊಣಗಿದರೆ ಅವನ ಹತ್ತಿರ ಉತ್ತರ ಸಿದ್ಧವಿತ್ತು. ಮೂರು ಗಂಟೆಗೆ ಹತ್ತಿ ಹಿಂಜುವ ಜಿನ್ನಿಂಗ್ ಮಿಲ್ಲುಗಳೆಲ್ಲ ಒಟ್ಟಿಗೆ ಚಾಲೂ ಆಗುತ್ತವೆ, ವೋಲ್ಟೇಜು ಬೀಳುತ್ತದೆ, ಆಟ ನಿಧಾನವಾಗುತ್ತದೆ. ಮನೆಯ ಫ್ಯಾನು ನಿಧಾನವಾಗುವುದನ್ನು ನೋಡಿ ಗೊತ್ತಿದ್ದ ಊರು ಅದನ್ನು ನಂಬಿತು. ಹುಡುಗರು ಕಾಲೇಜು ಬಿಟ್ಟು ಮೂರಕ್ಕೇ ಬಂದು ಕಾಯ್ದರು, ಆಕಿ ಹೋದ ಮೇಲೆ ಆಡಿ ಕೋಸಗಿಯಲ್ಲೇ ಸತ್ತರು. ವೋಲ್ಟೇಜು ಒಂದೇ, ಕೈ ಬೇರೆ ಎಂದು ಪ್ರತಿಮಾಳಿಗೆ ಹೆಸರು ಬಂತು. ಏಳನೇ ಕೋಟೆ ಗೆದ್ದ ದಿನ ಆಕಿಗೆ ಒಂದು ಮಾತು ಹೇಳಬೇಕೆಂದಿದ್ದ. ಅವತ್ತು ಅಂಗಡಿ ತುಂಬ ಜನ. ಮುಂದಿನ ಗುರುವಾರ ಆಕಿ ಬರಲಿಲ್ಲ. ಮಾಘದಲ್ಲಿ ಲಗ್ನವಾಯಿತು, ಸಿರುಗುಪ್ಪದ ಅಕ್ಕಿ ಮಿಲ್ಲಿನ ಮನೆಗೆ.

ಈಗ ಅದೇ ಕೈ ಕುಳ್ಳನನ್ನು ಮೂರು ಸಲ ಮೊದಲ ಗುಂಡಿಗೇ ಕೆಡವಿತ್ತು. ಮಷೀನು ಉಸಿರು ಸಾಲದ ಶಹನಾಯಿಯಂತೆ ಕುಂಯ್ಯೆಂದು ಅತ್ತು ಸುಮ್ಮನಾಯಿತು.

"ಕೋಸಗಿನೂ ಬರಲಿಲ್ಲಲ್ಲಮ್ಮ," ಎಂದಳು ಭವಾನಿ. ಹದಿಮೂರರ ನಗು, ಎಲ್ಲಿ ತಾಗುತ್ತದೆಂದು ಅದಕ್ಕೆ ಗೊತ್ತಿಲ್ಲ. "ಅಂಕಲ್, ಮನ್ಯಾಗ ಅಪ್ಪನ ಜೋಡಿ ಜಗಳ ಆದಾಗೆಲ್ಲಾ ಅಮ್ಮ ಇದನ್ನ ಹೇಳ್ತಾಳ. ನಾನೂ ಒಂದು ಗೆದ್ದೀನಿ, ಯಾರ ಆಸರೂ ಇಲ್ಲದ ಗೆದ್ದೀನಿ ಅಂತ. ಅಪ್ಪ ನಗ್ತಾನ. ನಾನ ನಂಬಿದ್ದೆ."

ಪ್ರತಿಮಾ ಸೆರಗಿನಿಂದ ಕೈ ಒರೆಸಿಕೊಂಡಳು. ಗೆದ್ದದ್ದನ್ನೂ ಅದರ ಜೊತೆಗೇ ಒರೆಸಿಕೊಂಡಂತೆ ಕಂಡಿತು ರುದ್ರೇಶನಿಗೆ.

"ವೋಲ್ಟೇಜ್ ಜಾಸ್ತಿ ಐತ್ರಿ," ಎಂದು ಅವನು ಮಷೀನಿನ ಹಿಂದೆ ಹೋದ. ಮೇನ್ ಆರಿತು. ಲೈನ್‌ಮ್ಯಾನ್ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಆ ದನಿ ಮಾತ್ರ ರುದ್ರೇಶನ ಗಂಟಲಲ್ಲೇ ಇತ್ತು. ಕೂಗಿದ, ಭವಾನಿ ನಕ್ಕಳು. ಕನ್ನಡಕ ಹಾಕಿಕೊಳ್ಳದೆಯೇ ಉಗುರಿಗೆ ಆ ಎರಡು ಕಾಳು ಸಿಕ್ಕವು. "ಮೂರು ಗಂಟಿ ಆತು, ಮಿಲ್ ಚಾಲೂ ಆದ್ವು ನೋಡ್ರಿ. ಈಗ ಆಡ್ರಿ."

ಕುಳ್ಳ ಗುಂಡಿ ದಾಟಿದ. ಕೋಸಗಿ ಬಂತು, ಹೋಯಿತು. ಪ್ರತಿಮಾ ಮೊದಲಿನ ಹಾಗೆಯೇ ಜಿಗಿಯುವಾಗ ಕುಳ್ಳನ ಜೊತೆ ತಾನೂ ಹಿಮ್ಮಡಿ ಎತ್ತುತ್ತಿದ್ದಳು. ಎರಡನೇ ಕೋಟೆ ಬೀಳುವ ಹೊತ್ತಿಗೆ ಭವಾನಿ ತಾಯಿಯ ಭುಜ ಹಿಡಿದಿದ್ದಳು. ತಪ್ಪಾಯಿತು, ಇನ್ನು ನಗುವುದಿಲ್ಲ, ಅಪ್ಪನಿಗೆ ತಾನೇ ಸಾಕ್ಷಿ ಹೇಳುತ್ತೇನೆ ಎಂದಳು. ರುದ್ರೇಶನಿಗೆ ಇಪ್ಪತ್ತೆರಡು ವರ್ಷ ಹಿಡಿದಿಟ್ಟ ಉಸಿರು ಈಗ ಬಿಟ್ಟಂತಾಯಿತು.

ಮೂರನೇ ಕೋಟೆಯ ಮುಂದೆ ನೀರು. ಆ ದಡದಿಂದ ಈ ದಡಕ್ಕೆ ಒಂದು ಹಲಗೆ ತೇಲಿ ಬರುತ್ತದೆ. ಹಾರ್ಡ್‌ನಲ್ಲಿ ಅದು ದಡ ಮುಟ್ಟಿದ್ದೇ ತಡ ತಿರುಗಿ ಓಡುತ್ತದೆ. ಈಗ ಬಂದು ನಿಂತಿತು. ಪ್ರತಿಮಾಳ ಹಿಮ್ಮಡಿ ಏಳಲಿಲ್ಲ.

"ರುದ್ರೇಶ," ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ಇದು ವೈಶಾಖ. ಜಿನ್ನಿಂಗ್ ಮಿಲ್ಲಿಗೆ ಬೀಗ ಹಾಕಿ ಎರಡು ತಿಂಗಳಾತು."

ಹತ್ತಿ ಯಾವಾಗ ಬರುತ್ತದೆ, ಮಿಲ್ಲು ಯಾವಾಗ ಮುಚ್ಚುತ್ತದೆ ಎಂಬುದನ್ನು ಉಣ್ಣುತ್ತ ಕೇಳಿ ಬೆಳೆದವಳು ಆಕಿ. ಯಾರ ಮಗಳ ಮುಂದೆ ನಿಂತಿದ್ದೇನೆಂದು ಅವನು ಮರೆತಿದ್ದ. ಎಣ್ಣೆ ಮಿಲ್ಲು ಎನ್ನಬಹುದಿತ್ತು, ಟ್ರಾನ್ಸ್‌ಫಾರ್ಮರ್ ಎನ್ನಬಹುದಿತ್ತು. ಅವನು ಸ್ಕ್ರೂಡ್ರೈವರ್ ಮೇಜಿನ ಮೇಲಿಟ್ಟ.

"ಅವಾಗೂ ನೀನ ಏನು?"

ಅವನು ಹೌದೆಂದು ತಲೆಯಾಡಿಸಿದ್ದು ಪರದೆಯ ಗಾಜಿನಲ್ಲಿ ಆಕಿಗೆ ಕಂಡಿರಬೇಕು. ಏನು ಅಂಕಲ್, ಏನಮ್ಮ ಎಂದು ಭವಾನಿ ಇಬ್ಬರ ಮುಖ ನೋಡಿದಳು.

"ಉಳಿದವರಿಗೂ ಹಿಂಗ ನಿಲ್ಲತಿತ್ತೇನು, ಈ ಹಲಗಿ?"

"ಇಲ್ಲ," ಎಂದ ರುದ್ರೇಶ. "ನಿನಗಷ್ಟ."

ಹಲಗೆ ಹೋಯಿತು, ಮತ್ತೆ ಬಂತು, ದಡಕ್ಕೆ ತಾಗಿ ನಿಂತಿತು. ಜಿಗಿಯಮ್ಮ, ಐತಲ್ಲ ಅಲ್ಲೇ, ಜಿಗಿ ಎಂದು ಭವಾನಿ ಭುಜ ಅಲುಗಿಸಿದಳು. ಪ್ರತಿಮಾ ಬಟನ್ನಿನ ಮೇಲೆ ಬೆರಳಿಟ್ಟಿದ್ದಳು, ಒತ್ತಲಿಲ್ಲ. ಹಸಿರಂಗಿಯ ಕುಳ್ಳ ನೀರಿನ ಅಂಚಿನಲ್ಲಿ ಅಲುಗದೆ ನಿಂತಿದ್ದ. ಹಲಗೆ ಅವನಿಗಾಗಿ ನಿಂತು, ಹೋಗಿ, ಮತ್ತೊಮ್ಮೆ ಖಾಲಿಯಾಗಿಯೇ ಬರುತ್ತಿತ್ತು.