ಕೀ ತೆಗೆದ ಮೇಲೂ

ಶವ ಸಾಗಿಸುವ ವ್ಯಾನಿನ ಡ್ರೈವರ್ ಬಾನೆಟ್ ಎತ್ತಿ, ರೇಡಿಯೇಟರಿನ ಕೆಳಗೆ ನೀರು ತೊಟ್ಟಿಕ್ಕುತ್ತಿದ್ದ ಪೈಪಿನ ಕಡೆಗೆ ಕೈ ಇಳಿಸುತ್ತಿದ್ದ. ಗೇಟಿನ ಹತ್ತಿರ ನಿಂತಿದ್ದ ಅಪರಿಚಿತನೊಬ್ಬ ಓಡಿ ಬಂದು ಅವನ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದ.

"ಏನ್ರೀ ಇದು? ಎಂಜಿನ್ ಆಫ್ ಆಗಿದೆ. ಕೀ ನನ್ ಜೇಬಲ್ಲಿದೆ," ಡ್ರೈವರ್ ಸಿಡುಕಿದ.

"ಇರಲಿ. ಕೈ ಹಾಕ್ಬೇಡಿ."

ಡ್ರೈವರ್ ಕೊಸರಿಕೊಂಡು ಇನ್ನೇನೋ ಹೇಳುವಷ್ಟರಲ್ಲಿ ಕಟ್ ಎಂದು ಸದ್ದಾಯಿತು. ನಿಂತ ವ್ಯಾನಿನ ಫ್ಯಾನು ತನ್ನಷ್ಟಕ್ಕೆ ತಿರುಗತೊಡಗಿ, ಕಣ್ಣು ಮಿಟುಕಿಸುವುದರೊಳಗೆ ರೆಕ್ಕೆಗಳು ಕಾಣದಷ್ಟು ವೇಗ ಹಿಡಿಯಿತು. ಅರೆ ಕ್ಷಣದ ಹಿಂದೆ ಡ್ರೈವರನ ಕೈ ಇದ್ದದ್ದು ಅಲ್ಲೇ. ಅವನ ಮುಖ ಬಿಳಿಚಿಕೊಂಡಿತು.

ಬಾಗಿಲಿಗೆ ಒರಗಿ ನಿಂತಿದ್ದ, ತೀರಿಕೊಂಡವನ ಹೆಂಡತಿ ಇದನ್ನೆಲ್ಲ ನೋಡಿದಳು. ನಿನ್ನೆ ಬೆಳಿಗ್ಗೆಯಿಂದ ಅವಳಿಗೆ ಎಲ್ಲವೂ ಗಾಜಿನ ಆಚೆ ನಡೆಯುತ್ತಿರುವ ಹಾಗಿತ್ತು. ತನ್ನ ಗ್ಯಾರೇಜಿಗೆ ಹೊರಟ ಗಂಡ ಎಡಗಾಲಿನ ಚಪ್ಪಲಿ ಹಾಕಿಕೊಂಡಿದ್ದ. ಬಲಗಾಲಿನದಕ್ಕೆ ಬಗ್ಗಿದವನು ಮತ್ತೆ ಏಳಲಿಲ್ಲ. ನಲವತ್ತೈದು ವಯಸ್ಸು. ನೆಗಡಿ ಅಂತ ಒಂದು ದಿನ ಮಲಗಿದವನಲ್ಲ. ಬಂದವರು ಹೇಗಾಯಿತೆಂದು ಕೇಳಿದಾಗಲೆಲ್ಲ ಅವಳು "ಚಪ್ಪಲಿ ಹಾಕ್ಕೋತಾ ಇದ್ರು" ಅನ್ನುತ್ತಿದ್ದಳು.

"ಮೇಷ್ಟ್ರು ಇದ್ದಿದ್ರೆ ಈ ಡ್ರೈವರಿಗೆ ಇವತ್ತು ಒಂದು ಗಂಟೆ ಪಾಠ," ಅಂಗಳದಲ್ಲಿದ್ದ ಟೈರ್ ಅಂಗಡಿಯವನು ಮೆಲ್ಲಗೆ ಅಂದ.

ಬೀದಿಯವರೆಲ್ಲ ಅವಳ ಗಂಡನನ್ನು ಫ್ಯಾನ್ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಹಳೇ ಕಾರು ತಂದ ಯಾರನ್ನೂ ಅವನು ಪಾಠ ಹೇಳದೆ ಕಳಿಸಿದವನಲ್ಲ. ಬೆಲ್ಟಿನ ಫ್ಯಾನು ಎಂಜಿನ್ ಜೊತೆ ತಿರುಗುತ್ತೆ, ಎಂಜಿನ್ ಜೊತೆ ನಿಲ್ಲುತ್ತೆ. ಕರೆಂಟಿನ ಫ್ಯಾನಿಗೆ ಎಂಜಿನ್ನಿನ ಹಂಗಿಲ್ಲ, ನೀರು ಕಾದರೆ ಸಾಕು, ಬ್ಯಾಟರಿಯಿಂದಲೇ ಏಳುತ್ತೆ. ಅವಸರದವರು ಸ್ಟೀರಿಂಗ್ ಹಿಡಿದುಕೊಂಡೇ ಹೂಂಗುಟ್ಟುತ್ತಿದ್ದರು. ಅವಳೂ ಎಷ್ಟೋ ಸಲ ನಕ್ಕಿದ್ದಳು.

ಅಪರಿಚಿತ ಮೆಟ್ಟಿಲ ಹತ್ತಿರ ಬಂದ. ಐವತ್ತರ ಆಸುಪಾಸು, ಹೆಗಲಿಗೊಂದು ಚೀಲ. ಬಲಗೈಯಲ್ಲಿ ತೋರುಬೆರಳೂ ನಡುಬೆರಳೂ ಇರಲಿಲ್ಲ.

"ತಾವು ಯಾರು ಗೊತ್ತಾಗ್ಲಿಲ್ಲ," ಅಂದ ಅವಳ ಮೈದುನ.

"ಕಟಿಂಗ್ ಮಾಡೋನು. ಹತ್ತೊಂಬತ್ತು ವರ್ಷದಿಂದ ಮೇಷ್ಟ್ರು ನನ್ ಹತ್ರಾನೇ ಬರ್ತಿದ್ರು."

"ಓ, ಆ ಕಟಿಂಗು ನಿಮ್ದಾ?" ಅವಳ ಬಾಯಿ ಜಾರಿತು.

ಮದುವೆಯಾದ ಹದಿನೈದು ವರ್ಷವೂ ಗಂಡ ತಿಂಗಳಿಗೊಂದು ಭಾನುವಾರ ಎರಡು ಬಸ್ಸು ಬದಲಾಯಿಸಿ ಹೋಗಿ, ಕೂದಲನ್ನು ಒಂದು ಕಡೆ ಗಿಡ್ಡ ಒಂದು ಕಡೆ ಉದ್ದ ಮಾಡಿಸಿಕೊಂಡು ಬರುತ್ತಿದ್ದ. ಪಕ್ಕದಲ್ಲೇ ನಾಲ್ಕು ಅಂಗಡಿ ಇರುವಾಗ ಅಲ್ಲಿಗೇ ಯಾಕೆ ಎಂದರೆ, "ಅಭ್ಯಾಸ ಆಗೋಗಿದೆ ಕಣೆ" ಎನ್ನುತ್ತಿದ್ದ.

ಅವಳ ನೋಟ ಆ ಕೈಯ ಮೇಲೆಯೇ ನಿಂತಿತು. "ಇದು ಹೇಗಾಯ್ತು?"

"ಅವ್ರು ನಿಮಗೆ ಹೇಳೇ ಇಲ್ವಾ ಅಮ್ಮಾ?"

*

ಆಗ ಮೇಷ್ಟ್ರು ಇಪ್ಪತ್ತಾರರ ಹುಡುಗ ಮೆಕ್ಯಾನಿಕ್. ಕ್ಷೌರಿಕನದ್ದು ಹಳೇ ಬೆಲ್ಟ್ ಫ್ಯಾನಿನ ಕಾರು. ವಾಹನಗಳ ಸಾಲಿನಲ್ಲಿ ನಿಂತರೆ ಎಂಜಿನ್ ನಿಧಾನ, ಫ್ಯಾನೂ ನಿಧಾನ. ನೀರು ಕುದಿದು ಉಕ್ಕುತ್ತಿತ್ತು. ಹುಡುಗ ಮೆಕ್ಯಾನಿಕ್ ಆ ಫ್ಯಾನನ್ನು ಬಿಚ್ಚಿ ಕರೆಂಟಿನ ಫ್ಯಾನು ಕೂರಿಸಿದ. ಕಾರು ನಿಂತ ಮೇಲೂ ಎಂಜಿನ್ನು ತಂಪಾಗಲಿ ಅಂತ ವೈರನ್ನು ನೇರ ಬ್ಯಾಟರಿಗೇ ಕೊಟ್ಟ. ಅಚ್ಚುಕಟ್ಟಾದ ಕೆಲಸ.

ಮೂರನೇ ದಿನ ಕ್ಷೌರಿಕ ಅಂಗಡಿ ಮುಂದೆ ಕಾರು ನಿಲ್ಲಿಸಿ, ಕೀ ತೆಗೆದು, ಬಾನೆಟ್ ಎತ್ತಿ, ಒಳಗೆ ಬಿದ್ದ ಒರೆಸುವ ಬಟ್ಟೆಗೆ ಕೈ ಹಾಕಿದ. ಎಂಜಿನ್ ನಿಂತರೆ ಫ್ಯಾನು ನಿಂತ ಹಾಗೆ ಎಂದೇ ಅವನು ಅಷ್ಟು ವರ್ಷ ತಿಳಿದಿದ್ದ. ಹಾಗಲ್ಲ ಎಂದು ಯಾರೂ ಹೇಳಿರಲಿಲ್ಲ.

ಮೆಕ್ಯಾನಿಕ್ ಆಸ್ಪತ್ರೆಗೆ ಬಂದು ವಾರ್ಡಿನ ಬಾಗಿಲಲ್ಲೇ ನಿಂತ. "ವೈರಿಂಗ್ ಸರಿಯಾಗೇ ಮಾಡಿದ್ದೆ ಅಣ್ಣ. ಒಂದು ಮಾತು ಹೇಳ್ಬೇಕಿತ್ತು. ಹೇಳಿಲ್ಲ."

"ಮುಖ ತೋರಿಸ್ಬೇಡ, ಹೋಗು," ಅಂದ ಕ್ಷೌರಿಕ.

ಆರು ತಿಂಗಳು ಅಂಗಡಿ ಮುಚ್ಚಿತ್ತು. ತೆರೆದಾಗ ಎಡಗೈಗೆ ಕತ್ತರಿ ಬಂದಿತ್ತು. ಆ ಕೈಗೆ ತಲೆ ಕೊಡುವವರು ಮಾತ್ರ ಯಾರೂ ಇರಲಿಲ್ಲ. ನಾಲ್ಕನೇ ದಿನ ಮೆಕ್ಯಾನಿಕ್ ಒಳಗೆ ಬಂದವನೇ ಕುರ್ಚಿಯಲ್ಲಿ ಕೂತ. ಕ್ಷೌರಿಕ ಅವನ ಹೆಗಲಿಗೆ ಬಟ್ಟೆ ಹೊದಿಸಿದ. ಕತ್ತರಿ ಎತ್ತಿಕೊಂಡ. ಎರಡನೇ ನಿಮಿಷಕ್ಕೆ ಕಿವಿಯ ಹಿಂದೆ ಕೊಯ್ದುಹೋಗಿ ರಕ್ತ ಇಳಿಯಿತು. ಕೂತವನು ಅಲುಗಲಿಲ್ಲ.

"ಇನ್ನೊಂದು ಕಡೆ ಬಾಕಿ ಇದೆ ಅಣ್ಣ," ಅಂದ.

*

"ಕಿವಿ ಹಿಂದಿನ ಗುರುತು ಮೊಳೆ ತಾಗಿದ್ದು ಅಂದಿದ್ರು," ಅಂದಳು ಅವಳು.

"ಕತ್ತರಿ ಅಮ್ಮಾ."

ಅವಳು ಮೆಟ್ಟಿಲ ಮೇಲೇ ಕೂತಳು. ಹದಿನೈದು ವರ್ಷ ಅದೇ ದಿಂಬಿನ ಮೇಲೆ ಆ ಗಾಯದ ಗುರುತು ನೋಡಿಕೊಂಡು ಮಲಗಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ?"

"ನಾನೂ ಕೇಳಿದ್ದೆ. ಹೇಳ್ಬೇಕು ಅಂತ ಮನೆಗೆ ಬಂದಾಗೆಲ್ಲ ನೀವು ಕಟಿಂಗ್ ನೋಡಿ ನಗ್ತಿದ್ರಂತೆ. ಆ ನಗು ನಿಲ್ಸೋಕೆ ಮನಸ್ಸು ಬರಲ್ಲ ಅಂತಿದ್ರು."



ಕ್ಷೌರಿಕ ಚೀಲ ಕೆಳಗಿಟ್ಟ. "ನಾಳೆ ಭಾನುವಾರ ಬರೋರಿದ್ರು. ನೀವು ಒಪ್ಪಿದ್ರೆ ಈಗ..."

"ಹೊತ್ತಾಯ್ತು ಅತ್ತಿಗೆ, ವ್ಯಾನ್ ಹೊರಡ್ಬೇಕು," ಅಂದ ಮೈದುನ.

"ಬ್ಯಾಟರಿ ವೈರ್ ಕಳಚಿದ್ದೀನಿ," ಡ್ರೈವರ್ ಅಂಗಳದಿಂದ ತಗ್ಗಿದ ದನಿಯಲ್ಲಿ ಹೇಳಿದ. "ಎಂಜಿನ್ ಪೂರ್ತಿ ತಣ್ಣಗಾಗ್ಲಿ. ಆಮೇಲೇ ಕೈ ಹಾಕ್ತೀನಿ."

ಅವಳು ಒಳಗೆ ಹೋಗಿ ಗಂಡನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಇಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ಕ್ಷೌರಿಕ ಮಂಡಿಯೂರಿ ಎಡಗೈಯಲ್ಲಿ ಕತ್ತರಿ ಹಿಡಿದ. ಬಲಗೈಯ ಹೆಬ್ಬೆರಳೂ ಉಂಗುರ ಬೆರಳೂ ಸೇರಿಸಿ ಕೂದಲೆತ್ತಲು ನೋಡಿದ. ಇವತ್ತು ಆ ಕೈ ಹೇಳಿದ ಮಾತು ಕೇಳಲಿಲ್ಲ, ಕೂದಲು ನುಣುಚಿ ಹೋಯಿತು. ಮತ್ತೊಮ್ಮೆ ಎತ್ತಿದ. ಮತ್ತೆ ಜಾರಿತು.

ಅವಳು ತನ್ನ ತೋರುಬೆರಳನ್ನೂ ನಡುಬೆರಳನ್ನೂ ಗಂಡನ ಕೂದಲೊಳಗೆ ಇಳಿಸಿ, ಒಂದು ಸಾಲನ್ನು ನೆಟ್ಟಗೆ ಎತ್ತಿ ಹಿಡಿದಳು. ಬೆರಳು ನಡುಗುತ್ತಿದ್ದವು. ಕ್ಷೌರಿಕ ಕತ್ತರಿಯನ್ನು ಅವುಗಳಿಂದ ದೂರ ಹಿಡಿದುಕೊಂಡು, ನಡುಕ ನಿಲ್ಲಲಿ ಎಂದು ಕಾದ.