ನ್ಯೂಟ್ರಿನೊ ಎಷ್ಟು ಬಗೆ

ಅಕ್ಕ ಕೆಲಸದಿಂದ ಬಂದು ನನ್ನ ತಲೆ ಬಾಚುವಾಗ ಅವಳ ಬೆರಳುಗಳಿಂದ ಫೋಟೋ ತೊಳೆಯುವ ಔಷಧಿಯ ಹುಳಿ ವಾಸನೆ ಬರುತ್ತಿತ್ತು. ಪ್ರಯೋಗಾಲಯದಲ್ಲಿ, ಸೂಕ್ಷ್ಮ ಕಣಗಳು ಹಾದುಹೋದ ಗೆರೆಗಳ ಫೋಟೋಗಳನ್ನು ಬೆಳಕಿನ ಮೇಜಿನ ಮೇಲಿಟ್ಟು ಗುರುತಿಸುವುದು ಅವಳ ಕೆಲಸ. ಪ್ರತಿ ಫೋಟೋವನ್ನೂ ಇಬ್ಬರು ನೋಡಬೇಕು. ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಹೇಳಕೂಡದು. ಎರಡೂ ತಾಳೆಯಾದರೆ ಮಾತ್ರ ಲೆಕ್ಕಕ್ಕೆ. ನಿವೃತ್ತಳಾದ ಮೇಲೂ ಅಷ್ಟೇ, ಮನೆಯಲ್ಲಿ ಯಾರ ಜ್ವರ ನೋಡಿದರೂ ಇನ್ನೊಬ್ಬರ ಕೈಯಿಂದ ಮತ್ತೊಮ್ಮೆ ನೋಡಿಸುವಳು.

ಈಗ ಅಕ್ಕ ಆಸ್ಪತ್ರೆಯಲ್ಲಿದ್ದಳು. ಅವಳ ಮೂತ್ರಪಿಂಡಗಳು ಸೋತಿದ್ದವು. ಕರೆಯಬೇಕಾದವರನ್ನು ಕರೆಯಿರಿ ಎಂದು ಆ ಬೆಳಿಗ್ಗೆ ದೊಡ್ಡ ಡಾಕ್ಟರು ಹೇಳಿ ಹೋದರು. ಕರೆಯಲು ನನ್ನ ಹೊರತು ಯಾರೂ ಉಳಿದಿರಲಿಲ್ಲ.

"ಈಗ ನ್ಯೂಟ್ರಿನೊ ಎಷ್ಟು ಬಗೆ ಅಂತಾರೆ?" ಅಕ್ಕ ಕೇಳಿದಳು. "ನಾನು ಕೆಲ್ಸ ಬಿಟ್ಟಾಗ ಎರಡಿತ್ತು."

"ಈಗ್ಯಾಕಕ್ಕ ಆ ಕಣದ ಮಾತು?"

"ಅದು ತಾನಾಗಿ ಒಂದು ಗೆರೇನೂ ಬಿಡಲ್ಲ ಕಣೆ. ಬೇರೆಯವು ಬಿಟ್ಟ ಗೆರೆ ನೋಡಿ, ಇಲ್ಲಿತ್ತು ಅಂತ ತಿಳ್ಕೋಬೇಕು. ನಿನ್ನ ಭಾವನ ಥರ. ಮನೇಲಿದ್ರೂ ಗೊತ್ತಾಗ್ತಿರಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡಳು. "ತಿಳ್ಕೊಂಡು ಹೋಗ್ಬೇಕು ಅನ್ಸುತ್ತೆ."

ಕಿರಿಯ ಡಾಕ್ಟರಮ್ಮ ಬಂದಾಗ ಬಾಗಿಲಲ್ಲೇ ಕೇಳಿದೆ. "ಮೂರು, ಅಜ್ಜಿ. ಓದಿದ ನೆನಪು," ಎಂದು, ತಣ್ಣಗಿದ್ದ ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಅಕ್ಕನ ಎದೆಗಿಟ್ಟಳು.

ಅವಳು ಹೋದ ಮೇಲೆ ಅಕ್ಕನಿಗೆ ಹೇಳಿದೆ.

"ಎರಡನೆಯವರು ಯಾರು ನೋಡಿದ್ರು?"

"ಡಾಕ್ಟರೇ ಹೇಳಿದ್ರಲ್ಲಕ್ಕ."

"ಒಬ್ರ ಕಣ್ಣು ಕಣ್ಣಲ್ಲ. ಹೋಗಿ ಕೇಳ್ಕೊಂಡು ಬಾ. ಇವ್ರು ಹೇಳಿದ್ದನ್ನ ಅವ್ರ ಮುಂದೆ ಉಸುರಬೇಡ."

ಕೇಳಿದೆನೆಂದು ಸುಳ್ಳು ಹೇಳಿ ಅಲ್ಲೇ ಕೂರಬಹುದಿತ್ತು. ಆದರೆ ಅಕ್ಕನ ಮುಂದೆ ನನ್ನ ಸುಳ್ಳು ಎಂದೂ ದಕ್ಕಿದ್ದಿಲ್ಲ.

ಬಸ್ಸು ಹಿಡಿದು ಕಾಲೇಜಿಗೆ ಹೋದೆ. ಭೌತಶಾಸ್ತ್ರದ ಮೇಷ್ಟ್ರು ಪಾಠ ನಿಲ್ಲಿಸಿ ಹೊರಗೆ ಬಂದರು.

"ಮೂರು ಅಮ್ಮ. ನಾಲ್ಕನೇದಿದೆಯಾ ಅಂತ ಹುಡುಕ್ತಾನೇ ಇದ್ದಾರೆ, ಸಿಕ್ಕಿಲ್ಲ." ಯಾಕೆ ಎಂದು ಕೇಳಲಿಲ್ಲ. ಗೇಟಿನವರೆಗೂ ಬಂದು, ಕೈ ಅಡ್ಡ ಮಾಡಿ ಬಸ್ಸು ನಿಲ್ಲಿಸಿ ಹತ್ತಿಸಿದರು.

ಅಂಗಡಿಗೆ ಕಳಿಸಿದ ಮಗುವಿನಂತೆ ದಾರಿಯುದ್ದಕ್ಕೂ ಮೂರು, ಮೂರು ಎಂದುಕೊಂಡು ಬಂದೆ.

ಹಾಸಿಗೆಯ ಸುತ್ತ ಪರದೆ ಎಳೆದಿತ್ತು. ವಾರ್ಡಿನ ಆಯಾ ನನ್ನ ತೋಳು ಹಿಡಿದಳು.

"ಈಗಷ್ಟೇ ಅಮ್ಮ. ನೀವು ಬಂದ್ರಾ ಅಂತ ಕೇಳ್ತಾನೇ ಇದ್ರು."

ಬಗ್ಗಿ ಅಕ್ಕನ ಕಿವಿಯಲ್ಲಿ ಹೇಳಿದೆ: "ಇಬ್ಬರೂ ಮೂರೇ ಅಂದ್ರು." ಕಿವಿ ಇನ್ನೂ ಬೆಚ್ಚಗಿತ್ತು. ಆಯಾ ಮುಖ ತಿರುಗಿಸಿ ನಿಂತಿದ್ದಳು.

ಅಕ್ಕನನ್ನು ಕೆಳಗೆ ಒಯ್ದ ಮೇಲೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತೆ. ಊಟದ ಗಾಡಿ ಬಂತು. ಅಕ್ಕನ ಹಾಸಿಗೆಗೂ ಒಂದು ತಟ್ಟೆ ಬಂದಿತ್ತು. ಆಯಾ ಅದರ ಮೇಲಿದ್ದ ಅಕ್ಕನ ಹೆಸರಿನ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡಳು. ತಟ್ಟೆಯನ್ನು ನನ್ನ ಮಡಿಲಲ್ಲಿಟ್ಟು, ಕೈಗೆ ಚಮಚ ಕೊಟ್ಟಳು.