ಎರಡನೇ ಹಲಗೆಯ ಮೂಗು

ನಮ್ಮನ್ನು ಬೀದಿಬೆಕ್ಕು ಎಂದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ನಾವು ಕಾಡುಬೆಕ್ಕುಗಳು. ಕಾಡು ಕಡಿದು ಮರವನ್ನು ಈ ಮಿಲ್ಲಿಗೆ ತಂದರು, ಮರದ ಹಿಂದೆಯೇ ನಮ್ಮ ಮುತ್ತಜ್ಜಿಯೂ ಬಂದಳು. ಆಮೇಲೆ ಮಿಲ್ಲು ಮುಚ್ಚಿತು, ಮನುಷ್ಯರು ಹೋದರು, ನಾವು ಉಳಿದೆವು. ಯಾರ ಕೈಯ ಹಾಲನ್ನೂ ಕುಡಿದವರಲ್ಲ ನಾವು. ಪಕ್ಕದ ಬೇಕರಿಯ ಮಹಡಿ ಮೇಲೆ ಕೊರಳಿಗೆ ಗೆಜ್ಜೆ ಕಟ್ಟಿಕೊಂಡು ಕೂರುತ್ತಾಳಲ್ಲ, ಆ ಬಿಳಿ ಬಿನ್ನಾಣಗಿತ್ತಿ, ಅವಳ ಲೆಕ್ಕಕ್ಕೆ ನಮ್ಮನ್ನು ಸೇರಿಸಬೇಡಿ.

ಕಾಡಿನವರೆಂದ ಮೇಲೆ ಕಟ್ಟಳೆ ಇರಲೇಬೇಕು. ನಮ್ಮ ಕಟ್ಟಳೆ ಇರುವುದು ಹಲಗೆಯಲ್ಲಿ. ಮಿಲ್ಲಿನೊಳಗೆ ಮರ ಜೋಡಿಸಿಡುತ್ತಿದ್ದ ಕಬ್ಬಿಣದ ಚೌಕಟ್ಟಿದೆ, ಅದಕ್ಕೆ ಏಳು ಹಲಗೆ. ತುದಿಯದು ಯಜಮಾನಿಯದು. ಎರಡನೆಯದು ನನ್ನದು, ಬೇಕರಿ ಒಲೆಯ ಗೋಡೆಗೆ ತಾಗಿದ್ದು, ಬೆನ್ನು ಸದಾ ಬೆಚ್ಚಗೆ. ಅದರ ಕೆಳಗಿನ ಮೂರರಲ್ಲಿ ಬೇಟೆಯವರು ಅವರವರ ಯೋಗ್ಯತೆಗೆ ತಕ್ಕಂತೆ ಮಲಗುತ್ತಾರೆ. ಆರನೆಯದು ಗೋಡೆ ಕಾಯುವವರದು. ಏಳನೆಯದರಲ್ಲಿ ಕೆಲಸ ಕಳೆದುಕೊಂಡವರೂ ಹೂಳುವವನೂ ಒಬ್ಬರ ಮೇಲೊಬ್ಬರು ಬಿದ್ದುಕೊಂಡಿರುತ್ತಾರೆ. ಬಾಣಂತಿಯರಿಗೆ ಮಾತ್ರ ಹಳೆಯ ಆಫೀಸು ಕೋಣೆ, ಅಲ್ಲಿಗೆ ಯಜಮಾನಿಯೂ ಕೇಳಿಕೊಂಡೇ ಹೋಗಬೇಕು.

ನನ್ನ ಕೆಲಸ ಮೂಸುವುದು. ನಗಬೇಡಿ. ಊರ ತುಂಬ ಇಲಿಪಾಷಾಣ ಇಟ್ಟಿರುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಬೇಟೆಯವರು ತಂದದ್ದನ್ನು ಗರಗಸದ ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ನಾನು ಇಳಿದು ಬಂದು ಒಂದೊಂದನ್ನೂ ಮೂಸಿ ‘ಆಗಬಹುದು’ ಎಂದ ಮೇಲೆಯೇ ಉಳಿದವರು ಬಾಯಿ ಹಾಕಬೇಕು. ‘ಬೇಡ’ ಎಂದರೆ ಹೂಳುವವನು ಅದನ್ನು ಕಚ್ಚಿಕೊಂಡು ಹೋಗಿ ಹಿತ್ತಲಿನ ಮರದ ಹೊಟ್ಟಿನ ರಾಶಿಯಲ್ಲಿ ಹೂಳುತ್ತಾನೆ. ಅಲ್ಲಿಯ ತನಕ ಯಜಮಾನಿಯೂ ಜೊಲ್ಲು ನುಂಗಿಕೊಂಡು ಕೂರಬೇಕು. ನನ್ನ ಅಜ್ಜಿ ಮೂಸಿದಳು, ಅಮ್ಮ ಮೂಸಿದಳು, ಆರು ವರ್ಷದಿಂದ ನಾನು ಮೂಸುತ್ತಿದ್ದೇನೆ. ಒಬ್ಬರ ಹೊಟ್ಟೆಯೂ ಕೆಟ್ಟದ್ದಿಲ್ಲ. ನನಗೆ ಸೊಕ್ಕು ಎಂದು ಎಲ್ಲರೂ ಹೇಳುತ್ತಾರೆ. ಇತ್ತು, ಇಲ್ಲ ಎನ್ನುವುದಿಲ್ಲ.

ಇಂಥ ನನಗೆ ಶೀತವಾಯಿತು. ಮೂರು ದಿನ ಮೂಗು ಸೋರಿತು, ನಾಲ್ಕನೇ ದಿನ ನಿಂತಿತು. ನಿಂತ ಮೂಗಿನ ಜೊತೆ ವಾಸನೆಯೂ ನಿಂತುಹೋಗಿತ್ತು. ಒಲೆಯಿಂದ ಬ್ರೆಡ್ಡು ಹೊರಗೆ ತೆಗೆದರೆ ಗೊತ್ತಾಗುತ್ತಿರಲಿಲ್ಲ, ಮೀನಂಗಡಿಯ ಬುಟ್ಟಿಯೊಳಗೆ ಮುಖ ತೂರಿಸಿದರೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಏಳನೇ ಹಲಗೆ. ನಾಳೆ ಸರಿಹೋಗುತ್ತದೆ ಎಂದುಕೊಂಡು ಬಾಯಿ ಮುಚ್ಚಿಕೊಂಡೆ.

ಮೂಸುವ ನಟನೆ ಏನೂ ಕಷ್ಟವಲ್ಲ. ಸುತ್ತ ತಿರುಗಬೇಕು, ಕಣ್ಣು ಮುಚ್ಚಬೇಕು, ಮೀಸೆ ಕುಣಿಸಬೇಕು. ಕಷ್ಟ ಇದ್ದದ್ದು ತೀರ್ಪು ಹೇಳುವುದರಲ್ಲಿ. ಇನ್ನೂ ಒದ್ದಾಡುತ್ತಿರುವ ಇಲಿಗೆ ‘ಆಗಬಹುದು’ ಎನ್ನಲು ಮೂಗು ಬೇಕಿಲ್ಲ. ಸತ್ತದ್ದು, ತಂಗಳು, ತೊಟ್ಟಿಯಿಂದ ಎಳೆದು ತಂದದ್ದು ಬಂದರೆ ಎರಡು ಸುತ್ತು ಹೆಚ್ಚು ತಿರುಗುತ್ತಿದ್ದೆ. ತಪ್ಪಿ ‘ಆಗಬಹುದು’ ಎಂದರೆ ಒಂದು ಜೀವ ಹೋಗಬಹುದು, ತಪ್ಪಿ ‘ಬೇಡ’ ಎಂದರೆ ಯಾರಿಗೇನು ನಷ್ಟ? ಹೀಗೆ ಲೆಕ್ಕ ಹಾಕಿ ಅನುಮಾನ ಬಂದದ್ದಕ್ಕೆಲ್ಲ ‘ಬೇಡ’ ಎಂದೆ.

ಇದರಿಂದ ನನ್ನ ಹೆಸರು ಇನ್ನೂ ಏರಿತು, ನೋಡಿ! “ಅಬ್ಬಬ್ಬಾ, ಅತ್ತೆ ಮೂಗು ಅಂದ್ರೆ ಮೂಗು! ಯಾರ ಮುಲಾಜೂ ಇಲ್ಲ,” ಎಂದು ಗೋಡೆ ಕಾಯುವವರು ಖಾಲಿ ಹೊಟ್ಟೆ ಸವರಿಕೊಂಡು ಕೊಂಡಾಡಿದರು. ನಾನು ಗಂಭೀರವಾಗಿ ಮೀಸೆ ಒರೆಸಿಕೊಂಡೆ. ನಾಚಿಕೆ ಆಗಬೇಕಿತ್ತು, ಆಗಲಿಲ್ಲ.

ನಷ್ಟ ಆಗುತ್ತಿದ್ದದ್ದು ಚೂಟಿಗೆ. ಚೂಟಿ ನನ್ನ ತಮ್ಮನ ಮಗಳು. ಮೊದಲ ವರ್ಷದ ಬೇಟೆಯಲ್ಲೇ ಮೂರನೇ ಹಲಗೆ ಹತ್ತಿದವಳು, ನಮ್ಮ ವಂಶದಲ್ಲೇ ಯಾರೂ ಹತ್ತಿರಲಿಲ್ಲ. ಆದರೆ ಹೊಸಬರಿಗೆ ಬೀದಿ ಕಡೆಯ ಸರದಿ. ಇಲಿ ಓಡಾಡುವ ಗೋದಾಮು ಹಳಬರದು, ಮೀನಂಗಡಿಯ ತೊಟ್ಟಿ ಇವಳದು. ಅಂದರೆ ಅನುಮಾನದ ಮಾಲೆಲ್ಲ ಇವಳದ್ದೇ. ಸಾಲಾಗಿ ಮೂರು ಸಲ ‘ಬೇಡ’ ಅನ್ನಿಸಿಕೊಂಡವರು ಒಂದು ಹಲಗೆ ಕೆಳಗಿಳಿಯಬೇಕು. ಒಂಬತ್ತು ದಿನ ಕಳೆಯುವಷ್ಟರಲ್ಲಿ ಅವಳು ಎರಡು ಸಲ ಇಳಿದು ಐದರಲ್ಲಿದ್ದಳು, ಮತ್ತೆ ಎರಡು ‘ಬೇಡ’ ಬೆನ್ನಿಗಿದ್ದವು. ಇನ್ನೊಂದು ಬಂದರೆ ಬೇಟೆಯಿಂದಲೇ ಹೊರಗೆ. ಗೋಡೆ ಮೇಲೆ ಕೂತು ನಾಯಿಗಳನ್ನು ನೋಡುತ್ತ ವರ್ಷವಿಡೀ ಕಳೆಯಬೇಕು.

ಮಿಕ್ಕವರು ಒಣಗುತ್ತಿದ್ದಾಗ ಒಬ್ಬ ಮಾತ್ರ ಊದಿಕೊಳ್ಳುತ್ತಿದ್ದ. ಅವನೇ ಹೂಳುವವನು. ಮುದಿ ಗಂಡು, ಮೊದಲಿನಿಂದ ಬಡಕಲು, ಅದಕ್ಕೇ ಅವನನ್ನು ಕಡ್ಡಿ ಎಂದು ಕರೆಯುವುದು. ಒಂಬತ್ತನೇ ದಿನದ ಮಧ್ಯಾಹ್ನ ಎಲ್ಲರೂ ನಿದ್ದೆಯಲ್ಲಿದ್ದಾಗ ಅವನು ನನ್ನ ಹಲಗೆಯ ಕೆಳಗೆ ಬಂದು ನಿಂತ. ಹೊಟ್ಟೆ ನೆಲ ಗುಡಿಸುತ್ತಿತ್ತು.

“ಏನಯ್ಯಾ ಕಡ್ಡಿ, ಡೋಲಾಗಿದ್ದೀಯಲ್ಲ?” ಎಂದೆ.

“ಎಲ್ಲಾ ನಿಮ್ಮ ದಯೆ ಅತ್ತೆ,” ಎಂದ. “ನೀವು ಬೇಡ ಅಂದಿದ್ದು ಒಂದೂ ಕೆಟ್ಟಿರ್ಲಿಲ್ಲ. ಮಣ್ಣುಪಾಲು ಮಾಡೋಕೆ ಮನಸ್ಸು ಬರ್ಲಿಲ್ಲ, ಹೊಟ್ಟೆಪಾಲು ಮಾಡ್ದೆ.”

ನನ್ನ ಬೆನ್ನ ಕೂದಲು ನೆಟ್ಟಗಾಯಿತು. “ಏನು ಹೇಳ್ತಿದ್ದೀಯ ನೀನು?”

“ಮೂಗು ಹೋಗಿದೆ ಅಂತ ಹೇಳ್ತಿದ್ದೀನಿ. ಹೆದರ್ಬೇಡಿ, ನಾನ್ಯಾಕೆ ಬಾಯಿ ಬಿಡ್ಲಿ? ನಿಮ್ಮ ಹಲಗೆ ನಿಮಗಿರ್ಲಿ, ನನ್ನ ಊಟ ನನಗಿರ್ಲಿ. ಹಳಬರು ತಂದಿದ್ದಕ್ಕೂ ಆಗಾಗ ಬೇಡ ಅಂತಿರಿ, ಸಾಕು. ಆ ಹುಡುಗಿ ಮೇಲೆ ಕರುಳಿದ್ರೆ ಒಂದು ಉಪಾಯ ಮಾಡೋಣ. ಅವಳು ತಂದಿದ್ದನ್ನ ನಾನು ದೂರದಿಂದ್ಲೇ ಮೂಸ್ತೀನಿ. ಚೆನ್ನಾಗಿದ್ರೆ ಬಾಲ ಎತ್ತಿ ನಿಲ್ತೀನಿ, ಕೆಟ್ಟಿದ್ರೆ ಇಳಿಸ್ತೀನಿ.”

ಅವನ ಮೇಲೆ ಎಗರಿ ಕಿವಿ ಹರಿಯಬೇಕಿತ್ತು. ಆದರೆ ನಿಜ ಹೇಳುತ್ತೇನೆ, ನನಗೆ ಸಮಾಧಾನವೇ ಆಯಿತು. ಹಲಗೆಯೂ ಉಳಿಯಿತು, ಚೂಟಿಯೂ ಉಳಿದಳು. ಅಂದು ಸಂಜೆಯವರೆಗೆ ಸುಖವಾಗಿ ನಿದ್ದೆ ಹೊಡೆದೆ.

ಮರುದಿನ ಬೆಳಗ್ಗೆ ಮೇಜಿನ ಮೇಲೆ ಎರಡು ಇಲಿ, ಒಂದು ಪಾರಿವಾಳ, ಕೊನೆಯಲ್ಲಿ ಚೂಟಿಯ ಮೀನು. ದೊಡ್ಡ ಮೀನು, ಅರ್ಧ ತಲೆ ಮಾತ್ರ ಹೋಗಿತ್ತು. ಮೀನಂಗಡಿಯವನ ನಾಯಿಯ ಜೊತೆ ಜಗಳ ಆಡಿಯೇ ತಂದಿರಬೇಕು, ಅವಳ ಮುಂಗಾಲಿನಲ್ಲಿ ರಕ್ತ ಒಣಗಿತ್ತು. ಇದಕ್ಕೆ ‘ಬೇಡ’ ಬಂದರೆ ಅವಳ ಕಥೆ ಮುಗಿಯಿತು ಎಂದು ಎಲ್ಲರಿಗೂ ಗೊತ್ತಿತ್ತು. ಯಜಮಾನಿ ತುದಿಯಿಂದ ಇಳಿದು ಬಂದು ಕೂತಳು.

ನಾನು ಮೀನಿನ ಸುತ್ತ ತಿರುಗಿದೆ. ಕಣ್ಣು ಮುಚ್ಚಿದೆ, ಮೀಸೆ ಕುಣಿಸಿದೆ. ಒಂದು ಕಣ್ಣನ್ನು ಸ್ವಲ್ಪ ತೆರೆದು ನೋಡಿದರೆ ಬಾಗಿಲ ಹತ್ತಿರ ಕಡ್ಡಿಯ ಬಾಲ ಕಂಬದಂತೆ ನಿಂತಿತ್ತು. ‘ಆಗಬಹುದು’ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಚೂಟಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು. “ಅತ್ತೆ, ಕೆಟ್ಟಿದ್ರೆ ಮುಲಾಜಿಲ್ದೆ ಹೇಳ್ಬಿಡು. ನನಗೆ ಎಲ್ಲಾನೂ ಚೆನ್ನಾಗಿದೆ ಅಂತ್ಲೇ ವಾಸನೆ ಬರುತ್ತೆ. ನನ್ನ ಮೂಗಲ್ಲೇ ಏನೋ ದೋಷ ಇದೆ. ಯಾರ್ನಾದ್ರೂ ಸಾಯಿಸೋಕಿಂತ ಮುಂಚೆ ಬೇಟೆ ಬಿಡೋದೇ ವಾಸಿ.”

ನಾನು ಈಗ ‘ಆಗಬಹುದು’ ಎಂದರೆ ಅವಳ ಹಲಗೆ ಉಳಿಯುತ್ತದೆ. ಆದರೆ ತನ್ನ ಮೂಗು ಕೆಟ್ಟಿದೆ ಎಂದುಕೊಂಡೇ ಜೀವಮಾನವೆಲ್ಲ ಬೇಟೆಯಾಡುತ್ತಾಳೆ, ಒಳ್ಳೆಯದರ ಮುಂದೆ ನಿಂತು ಹಿಂಜರಿಯುತ್ತಾಳೆ. ಇಷ್ಟು ಚೆಂದದ ಮೂಗನ್ನು ನಾನೇ ಕೈಯಾರೆ ಹಾಳು ಮಾಡಿದ್ದೆ.

“ನಿನ್ನ ಮೂಗಿಗೆ ಏನೂ ಆಗಿಲ್ಲ ಕಣೇ,” ಎಂದೆ. “ಹೋಗಿರೋದು ನನ್ನ ಮೂಗು. ಹತ್ತು ದಿನ ಆಯ್ತು. ನೀನು ತಂದಿದ್ದೆಲ್ಲ ಚೆನ್ನಾಗೇ ಇತ್ತು. ಅನುಮಾನ ಇದ್ರೆ ಆ ಕಡ್ಡಿ ಹೊಟ್ಟೆ ನೋಡಿ. ಈ ಮೀನನ್ನ ದೂರದಿಂದ್ಲೇ ಮೂಸಿ ಚೆನ್ನಾಗಿದೆ ಅಂತ ನನಗೆ ಬಾಲ ಎತ್ತಿ ತೋರಿಸ್ತಿರೋನೂ ಅವನೇ.”

ಎಲ್ಲರೂ ತಿರುಗಿ ನೋಡಿದರು. ಕಡ್ಡಿ ಎತ್ತಿದ್ದ ಬಾಲವನ್ನು ಇಳಿಸುವುದಕ್ಕೂ ಮರೆತು ನಿಂತಿದ್ದ. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಇಡೀ ಮಿಲ್ಲು ನಕ್ಕಿತು. ಯಜಮಾನಿಯ ಮೀಸೆಯೂ ಅಲುಗಿತು, ಆದರೆ ಮಾತು ಖಡಕ್ಕಾಗಿತ್ತು.

“ಕಟ್ಟಳೆ ಎಲ್ಲರಿಗೂ ಒಂದೇ. ಅತ್ತೆ ಏಳಕ್ಕಿಳೀಲಿ, ಹೂಳೋ ಕೆಲ್ಸ ಮಾಡ್ಲಿ. ಚೂಟಿ ಮೂರಕ್ಕೆ ಹತ್ಲಿ. ಕಡ್ಡೀ, ದೂರದಿಂದ್ಲೇ ಮೀನು ಮೂಸೋನು ನೀನು. ನಾಳೆಯಿಂದ ಎರಡನೇ ಹಲಗೆ ನಿಂದು.”

“ಅಯ್ಯಯ್ಯೋ, ನನಗ್ಯಾಕೆ ಯಜಮಾನಿ ಆ ದೊಡ್ಡಸ್ತಿಕೆ!” ಕಡ್ಡಿ ಕುಸಿದು ಕೂತ. ಅವನ ಗಾಬರಿ ನನಗೆ ಅರ್ಥವಾಯಿತು. ಕಟ್ಟಳೆಯ ಪ್ರಕಾರ ಮೂಸುವವರು, ಉಂಡವರೆಲ್ಲ ಕ್ಷೇಮವಾಗಿರುವುದನ್ನು ನೋಡಿ, ಕಟ್ಟಕಡೆಗೆ ತಿನ್ನಬೇಕು, ಉಳಿದಿದ್ದರೆ. ಒಂದೇ ವಾರದಲ್ಲಿ ಅವನು ಹೆಸರಿಗೆ ತಕ್ಕಂತಾದ.

ಏಳನೇ ಹಲಗೆಗೆ ಒಲೆಯ ಬಿಸಿ ತಾಗುವುದಿಲ್ಲ. ಪಕ್ಕದವನ ಕಾಲು ನನ್ನ ಕಿವಿಯಲ್ಲಿ, ನನ್ನ ಬಾಲ ಇನ್ಯಾರದೋ ಬಾಯಲ್ಲಿ. ಅದಕ್ಕೆಲ್ಲ ಹೊಂದಿಕೊಂಡೆ. ಹೊಂದಿಕೊಳ್ಳಲು ಆಗದೆ ಇದ್ದದ್ದು ಒಂದೇ. ಚೂಟಿ ನನ್ನ ಜೊತೆ ಮಾತು ಬಿಟ್ಟಿದ್ದಳು. ದಿನಾ ಬೆಳಗ್ಗೆ ನನ್ನ ಮುಂದೆಯೇ ಬಾಲ ಬೀಸಿಕೊಂಡು ಹೋಗುತ್ತಿದ್ದಳು, ಮುಖ ತಿರುಗಿಸುತ್ತಿರಲಿಲ್ಲ. ಸಿಟ್ಟಾಗಲಿ, ಅವಳ ಜಾಗದಲ್ಲಿ ನಾನಿದ್ದರೆ ಕಚ್ಚಿಯೇ ಬಿಡುತ್ತಿದ್ದೆ ಎಂದುಕೊಂಡೆ. ಆದರೂ ಹೊಟ್ಟಿನ ರಾಶಿಯ ಹಿಂದೆ ಹೋಗಿ ಎರಡು ಸಲ ಅತ್ತುಬಿಟ್ಟೆ.

ನಾನು ಏಳಕ್ಕಿಳಿದ ಎಂಟನೇ ದಿನ ಮಧ್ಯಾಹ್ನ ಯಾರೋ ಧೊಪ್ಪನೆ ನನ್ನ ಮುಂದೆ ಏನನ್ನೋ ಹಾಕಿದರು. ಕಣ್ಣು ಬಿಟ್ಟರೆ ಮೀನು, ಪಕ್ಕದಲ್ಲಿ ಚೂಟಿ. ಮೇಜಿನ ಮೇಲಿಟ್ಟದ್ದಲ್ಲ, ಕಡ್ಡಿಗೆ ತೋರಿಸಿದ್ದಲ್ಲ, ನೇರ ನನಗೇ ತಂದದ್ದು. ಅಭ್ಯಾಸಬಲ, ನನ್ನ ಮೂಗು ತಾನಾಗಿ ಮುಂದೆ ಹೋಯಿತು.

ಚೂಟಿ ಮುಂಗಾಲಿನಿಂದ ನನ್ನ ಮೂಗನ್ನು ಪಕ್ಕಕ್ಕೆ ತಳ್ಳಿದಳು.

“ಮೂಸಿದ್ದು ಸಾಕು, ತಿನ್ನು,” ಎಂದಳು. “ನಾನು ಮೂಸಿದ್ದೀನಿ.”

ಮುಳ್ಳನ್ನೂ ಬಿಡದೆ ತಿಂದೆ.